ಪಿಂಡವೆಂದರೆ ಶರೀರ

ಹುಮನಾಬಾದಿನ ಸಮೀಪದ ಜಲಸಂಗಿಗೆ ಹೋದವರು ಅಲ್ಲಿಯ ಶಿವಾಲಯದ ಹೊರಗೋಡೆಯ ಮೇಲಿರುವ ಒಂದು ಶಿಲ್ಪದ ಮುಂದೆ ಕೆಲವು ಹೊತ್ತು ನಿಲ್ಲದೆ ಹಿಂದಿರುಗುವುದಿಲ್ಲ. ಮೈಯನ್ನು ಬಳುಕಿಸಿ, ಕೈಯೆತ್ತಿ, ಫಲಕದ ಮೇಲೆ ಅಕ್ಷರಗಳನ್ನು ಬರೆಯುತ್ತಿರುವ ತರುಣಿಯ ವಿಗ್ರಹವದು. ಆಕೆ ಬರೆಯುತ್ತಿರುವುದು ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಪ್ರಶಸ್ತಿಯನ್ನು. ಒಂಬೈನೂರು ವರ್ಷಗಳಿಂದಲೂ ಆ ಕೈ ಕೆಳಗಿಳಿದಿಲ್ಲ.

ಆ ತರುಣಿ ಯಾರ ಕೀರ್ತಿಯನ್ನು ಬರೆಯುತ್ತಿದ್ದಾಳೋ ಆ ಅರಸನ ರಾಜಧಾನಿಯಾದ ಕಲ್ಯಾಣ, ಇಂದಿನ ಬಸವಕಲ್ಯಾಣ, ಹುಮನಾಬಾದಿಗೆ ನೆರೆಯ ಊರು. ಅಲ್ಲಿ ಅದೇ ಕಾಲದಲ್ಲಿ ಇನ್ನೊಂದು ಬರವಣಿಗೆಯೂ ನಡೆಯುತ್ತಿತ್ತು. ಅದನ್ನು ಬರೆದವನು ಒಬ್ಬ ಧರ್ಮಶಾಸ್ತ್ರಜ್ಞ. ಆ ಬರವಣಿಗೆಯ ಒಂದು ಮುಖ್ಯ ಭಾಗದ ವಿಷಯ ಮಾತ್ರ ಅರಸನ ಕೀರ್ತಿಯಲ್ಲ, ಹೆಣ್ಣಿನ ಮೈ, ಬಸಿರು, ಹುಟ್ಟುವ ಮಗು, ಆ ಮಗುವಿಗೆ ಯಾರು ಬಂಧುಗಳು, ಯಾರ ಆಸ್ತಿ ಯಾರಿಗೆ ಸಲ್ಲಬೇಕು ಎಂಬ ವಿಚಾರ. ಬಂಗಾಳ, ಅಸ್ಸಾಮುಗಳನ್ನು ಬಿಟ್ಟರೆ ಉಳಿದ ಭಾರತದ ಹಿಂದೂ ಕುಟುಂಬಗಳ ಬಹುಭಾಗವನ್ನು ಶತಮಾನಗಳ ಕಾಲ ಆಳಿದ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವೇ ಆ ಗ್ರಂಥ, ಬರೆದವನು ವಿಜ್ಞಾನೇಶ್ವರ.

ಈ ಹಳೆಯ ಹೆಸರನ್ನು ಇಂದು ನೆನೆಯುವುದಕ್ಕೆ ಒಂದು ಕಾರಣವುಂಟು. ನಮ್ಮ ಕಾಲದ ವಿಶ್ವವಿದ್ಯಾಲಯಗಳಲ್ಲಿ ಹೊಸದೊಂದು ವಿದ್ಯಾಶಾಖೆ ಬೆಳೆದಿದೆ. ಸಂತಾನಕ್ಕೆ ಸಂಬಂಧಿಸಿದ ಆರೋಗ್ಯದ ಕಾನೂನು, ಮತ್ತು ಅದಕ್ಕೆ ಬೆನ್ನೆಲುಬಾದ ಜೈವಿಕ ನೀತಿಶಾಸ್ತ್ರ. ‘ಬಯೊಎಥಿಕ್ಸ್’ ಎಂಬ ಹೆಸರು ಅಮೆರಿಕದಲ್ಲಿ ಬಳಕೆಗೆ ಬಂದದ್ದೇ ೧೯೭೦ರ ಸುಮಾರಿಗೆ. ನಮ್ಮಲ್ಲಿಯೂ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ವೈದ್ಯನೀತಿಯನ್ನು ಪಾಠವಾಗಿ ಕಲಿಸುವುದರಲ್ಲಿ ಮುಂದಾಳಾಯಿತು; ರಾಷ್ಟ್ರೀಯ ಕಾನೂನು ಶಾಲೆ ವೈದ್ಯಕೀಯ ಕಾನೂನಿಗೆ ಪ್ರತ್ಯೇಕವಾದ ಪಾಠಕ್ರಮವನ್ನೇ ನಡೆಸಿತು. ಬಸಿರು ಯಾರ ಇಚ್ಛೆಗೆ ಒಳಪಟ್ಟದ್ದು? ಇನ್ನೊಬ್ಬಳ ಗರ್ಭದಲ್ಲಿ ಬೆಳೆದ ಶಿಶುವಿಗೆ ತಾಯಿ ಯಾರು? ಹುಟ್ಟದಿರುವ ಕೂಸಿಗೆ ಹಕ್ಕುಂಟೆ? ಇಂಥ ಪ್ರಶ್ನೆಗಳಿಗೆ ಒಂದು ಆಯುಷ್ಯವನ್ನೇ ಮುಡಿಪಾಗಿಟ್ಟ ಪ್ರಾಧ್ಯಾಪಕರು ಇಂದು ಹಲವು ದೇಶಗಳಲ್ಲಿದ್ದಾರೆ. ಇದೆಲ್ಲವೂ ಪಶ್ಚಿಮದಿಂದ ಬಂದ ಹೊಸ ಸರಕು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಹೆಸರು ಹೊಸದೇ ಸರಿ. ಪ್ರಶ್ನೆ ಮಾತ್ರ ಹೊಸದಲ್ಲ. ಬೀದರ ಜಿಲ್ಲೆಯ ಈ ಎರಡು ಊರುಗಳ ನೆಲದಲ್ಲಿ ಅದನ್ನು ಬಹು ಹಿಂದೆಯೇ ಕೇಳಲಾಗಿತ್ತು. ಆಗ ದೊರೆತ ಉತ್ತರಗಳಲ್ಲಿ ಯಾವುದು ಬಾಳಿತು, ಯಾವುದು ಬಿದ್ದುಹೋಯಿತು ಎಂಬುದನ್ನು ತೂಗಿ ನೋಡುವುದು ಈ ಭಾಷಣದ ಉದ್ದೇಶ.

ವಿಜ್ಞಾನೇಶ್ವರನ ಬಾಳಿನ ಬಗೆಗೆ ನಮಗೆ ದೊರೆಯುವ ಸಂಗತಿಗಳು ಸ್ವಲ್ಪ. ತಂದೆ ಪದ್ಮನಾಭಭಟ್ಟ, ಗೋತ್ರ ಭಾರದ್ವಾಜ. ಗ್ರಂಥದ ಸಮಾಪ್ತಿವಾಕ್ಯ ಅವನನ್ನು ಪರಮಹಂಸ ಪರಿವ್ರಾಜಕನೆಂದು ಕರೆಯುತ್ತದೆ. ಎಂದರೆ, ಮದುವೆ ಮಕ್ಕಳು ಆಸ್ತಿಪಾಸ್ತಿಗಳ ನ್ಯಾಯವನ್ನು ಇಷ್ಟು ಸೂಕ್ಷ್ಮವಾಗಿ ಬಿಡಿಸಿದವನು ಅವೆಲ್ಲವನ್ನೂ ಬಿಟ್ಟು ಹೊರಟ ಸನ್ಯಾಸಿ! ಕೊನೆಯ ಶ್ಲೋಕಗಳಲ್ಲಿ ಆತ ಕಲ್ಯಾಣನಗರವನ್ನೂ ವಿಕ್ರಮಾರ್ಕ ಭೂಪತಿಯನ್ನೂ ಹೊಗಳಿ, ಅವರ ಸಾಲಿನಲ್ಲಿ ತನ್ನನ್ನೂ ಸಂಕೋಚವಿಲ್ಲದೆ ಕೂರಿಸಿಕೊಂಡಿದ್ದಾನೆ. ವಿಕ್ರಮಾದಿತ್ಯನು ೧೦೭೬ರಲ್ಲಿ ಪಟ್ಟಕ್ಕೆ ಬಂದು ತನ್ನ ಹೆಸರಿನ ಶಕೆಯನ್ನೇ ಆರಂಭಿಸಿ ೧೧೨೬ರವರೆಗೆ ಆಳಿದ ಅರಸ. ಕಾಶ್ಮೀರದ ಬಿಲ್ಹಣ ಕವಿ ಅವನ ಆಸ್ಥಾನಕ್ಕೆ ಬಂದು ಅವನ ಚರಿತೆಯನ್ನು ಕಾವ್ಯವಾಗಿ ಹಾಡಿದ. ಬಿಲ್ಹಣನ ಕಾವ್ಯವನ್ನು ಇಂದು ಓದುವವರು ವಿದ್ವಾಂಸರು ಮಾತ್ರ. ವಿಜ್ಞಾನೇಶ್ವರನ ಗದ್ಯವಾದರೋ ಅದನ್ನು ಎಂದೂ ಓದದ ರೈತನ ಹೊಲದ ಬದುವಿನವರೆಗೂ ನಡೆದುಬಂದಿತು.

ಮಿತಾಕ್ಷರಾ ಎಂದರೆ ಅಳತೆಯ ಮಾತು. ಯಾಜ್ಞವಲ್ಕ್ಯ ಸ್ಮೃತಿಯ ಸಾವಿರದಷ್ಟು ಶ್ಲೋಕಗಳಿಗೆ ಅದು ಟೀಕೆ. ಆಚಾರ, ವ್ಯವಹಾರ, ಪ್ರಾಯಶ್ಚಿತ್ತ ಎಂದು ಮೂರು ಭಾಗ. ಆಚಾರಾಧ್ಯಾಯದಲ್ಲಿ ವಿವಾಹದ ವಿಷಯ ಬಂದಾಗ ಸ್ಮೃತಿಯು ವಧು ‘ಅಸಪಿಂಡೆ’ಯಾಗಿರಬೇಕು, ವರನಿಗೆ ಸಪಿಂಡ ಸಂಬಂಧದವಳಾಗಿರಬಾರದು ಎನ್ನುತ್ತದೆ. ಇಲ್ಲಿ ಪಿಂಡವೆಂದರೇನು? ಶ್ರಾದ್ಧದಲ್ಲಿ ಪಿತೃಗಳಿಗೆ ಇಡುವ ಅನ್ನದ ಉಂಡೆ ಎಂಬುದು ಎಲ್ಲರಿಗೂ ತೋಚುವ ಅರ್ಥ. ಬಂಗಾಳದ ಜೀಮೂತವಾಹನನು ತನ್ನ ‘ದಾಯಭಾಗ’ದಲ್ಲಿ ಈ ಅರ್ಥದ ಮೇಲೆಯೇ ವಾರಸಿಕೆಯ ಕಟ್ಟಡವನ್ನೆಲ್ಲ ಎಬ್ಬಿಸಿದ. ಸತ್ತವನಿಗೆ ಯಾರು ಪಿಂಡದಿಂದ ಉಪಕಾರ ಮಾಡಬಲ್ಲರೋ ಅವರಿಗೆ ಅವನ ಆಸ್ತಿ ಎಂಬುದು ಅಲ್ಲಿಯ ವಾದ. ಕಲ್ಯಾಣದ ಸನ್ಯಾಸಿ ಹಾಗೆನ್ನಲಿಲ್ಲ. ಪಿಂಡವೆಂದರೆ ಶರೀರ ಎಂದ. ಒಂದೇ ಶರೀರದ ಅವಯವಗಳು ಯಾರಲ್ಲಿ ಹರಿದು ಬಂದಿವೆಯೋ ಅವರು ಸಪಿಂಡರು.

ಈ ಒಂದು ಮಾತಿನ ಬೆಲೆಯನ್ನು ನಾವು ಸರಿಯಾಗಿ ಅರಿಯಬೇಕು. ಮಗನಿಗೆ ತಂದೆಯೊಡನೆ ಸಪಿಂಡತೆ ಏಕೆ? ತಂದೆಯ ಶರೀರದ ಅಂಶ ಮಗನಲ್ಲಿದೆ. ಅಜ್ಜನೊಡನೆ ಏಕೆ? ತಂದೆಯ ಮೂಲಕ ಅಜ್ಜನ ಅಂಶ ಬಂದಿದೆ. ಹಾಗಾದರೆ ತಾಯಿಯ ಶರೀರದ ಅಂಶವೂ ಮಗುವಿನಲ್ಲಿ ಇದೆಯಲ್ಲವೆ? ಇದೆ, ಆದ್ದರಿಂದ ತಾಯಿಯೂ ಸಪಿಂಡೆ, ತಾಯಿಯ ತಂದೆಯೂ ಸಪಿಂಡ, ಸೋದರಮಾವನೂ ಚಿಕ್ಕತಾಯಿಯೂ ಸಪಿಂಡರು. ಇದಕ್ಕೆ ಆಧಾರವಾಗಿ ಆತ ಗರ್ಭೋಪನಿಷತ್ತಿನ ಮತವನ್ನು ತರುತ್ತಾನೆ. ಶರೀರಕ್ಕೆ ಆರು ಕೋಶಗಳು. ಮೂಳೆ, ನರ, ಮಜ್ಜೆ ಇವು ತಂದೆಯಿಂದ; ಚರ್ಮ, ಮಾಂಸ, ರಕ್ತ ಇವು ತಾಯಿಯಿಂದ. ಮೂರು ಮತ್ತು ಮೂರು, ಸಮಪಾಲು! ಇಂದಿನ ಜೀವಶಾಸ್ತ್ರ ಈ ಹಂಚಿಕೆಯನ್ನು ಒಪ್ಪುವುದಿಲ್ಲ. ಆದರೆ ಹೆಣ್ಣು ಬರಿಯ ಹೊಲ, ಬೀಜವೇ ಎಲ್ಲ ಎಂಬ ಮಾತು ಬಲವಾಗಿದ್ದ ಕಾಲದಲ್ಲಿ ತಾಯಿಯ ಪಾಲನ್ನು ತಂದೆಯ ಪಾಲಿಗೆ ಎದುರಾಗಿ ಇಟ್ಟು ಲೆಕ್ಕ ಮಾಡಿದ ಧೈರ್ಯ ಸಾಮಾನ್ಯವಾದುದಲ್ಲ.

ಗಂಡಹೆಂಡಿರು ಸಪಿಂಡರಾಗುವುದು ಹೇಗೆ? ಅವರಿಬ್ಬರ ಮೈ ಬೇರೆ, ಮೂಲ ಬೇರೆ. ಅವರಿಬ್ಬರೂ ಕೂಡಿ ಒಂದು ಶರೀರವನ್ನು ಆರಂಭಿಸುತ್ತಾರೆ, ಆದುದರಿಂದ ಸಪಿಂಡರು, ಎಂದು ಅವನ ಉತ್ತರ. ಆಮೇಲೆ ಒಂದು ಕಠಿಣ ಆಕ್ಷೇಪವನ್ನು ತಾನೇ ಎತ್ತಿಕೊಳ್ಳುತ್ತಾನೆ. ಈ ಸಂಸಾರಕ್ಕೆ ಆದಿಯೆಂಬುದಿಲ್ಲ; ಹಿಂದಕ್ಕೆ ಹಿಂದಕ್ಕೆ ಹೋದರೆ ಎಲ್ಲರ ಮೈಯಲ್ಲಿಯೂ ಎಲ್ಲರ ಅಂಶವೂ ಇರಲು ಸಾಧ್ಯ; ಆಗ ಲೋಕದಲ್ಲಿ ಮದುವೆಯೇ ಆಗುವಂತಿಲ್ಲವಲ್ಲ? ಅದಕ್ಕಾಗಿಯೇ ತಾಯಿಯ ಕಡೆ ಐದು ತಲೆ, ತಂದೆಯ ಕಡೆ ಏಳು ತಲೆ ಎಂಬ ಎಲ್ಲೆಯನ್ನು ಶಾಸ್ತ್ರ ಹಾಕಿದೆ ಎಂದು ಪರಿಹಾರ ಹೇಳುತ್ತಾನೆ. ಇಲ್ಲಿ ಎರಡು ಹೆಜ್ಜೆಗಳಿವೆ. ಮೊದಲು ಮೈ ಏನು ಹೇಳುತ್ತದೆ ಎಂದು ಕೇಳುವುದು. ಅನಂತರ, ಮೈ ಹೇಳುವುದಕ್ಕೆ ಕೊನೆಯಿಲ್ಲದಿರುವುದರಿಂದ, ಬಾಳುವೆಗೆ ಬೇಕಾದ ಗೆರೆಯನ್ನು ವಿವೇಕದಿಂದ ಎಳೆಯುವುದು. ಈ ಎರಡನ್ನೂ ಒಂದರೊಳಗೊಂದು ಬೆರೆಸದೆ ಬೇರೆ ಬೇರೆಯಾಗಿ ಇಟ್ಟದ್ದು ಆತನ ದೊಡ್ಡತನವೆಂದು ನನ್ನ ಭಾವನೆ.

ಮೈಯನ್ನು ಪ್ರಮಾಣವಾಗಿ ಹಿಡಿದ ಮೇಲೆ ಆಸ್ತಿಯ ನ್ಯಾಯವೂ ಅದನ್ನು ಹಿಂಬಾಲಿಸಬೇಕಾಯಿತು. ಮಕ್ಕಳಿಲ್ಲದೆ ಸತ್ತವನ ಆಸ್ತಿ, ಹೆಂಡತಿ ಮತ್ತು ಹೆಣ್ಣುಮಕ್ಕಳ ಸಂತತಿಯೂ ಇಲ್ಲದಾಗ, ‘ತಾಯಿತಂದೆ’ಗಳಿಗೆ ಎಂದು ಸ್ಮೃತಿ ಹೇಳುತ್ತದೆ. ಯಾರಿಗೆ ಮೊದಲು? ತಾಯಿಗೆ, ಎನ್ನುತ್ತಾನೆ ವಿಜ್ಞಾನೇಶ್ವರ. ತಂದೆಗೆ ಬೇರೆ ಹೆಂಡಿರಲ್ಲಿಯೂ ಮಕ್ಕಳಿರಬಹುದು, ಆತ ಹಲವರಿಗೆ ಸಮಾನ. ತಾಯಿ ತಾನು ಹೆತ್ತ ಮಕ್ಕಳಿಗೆ ಮಾತ್ರ ತಾಯಿ, ಆದ್ದರಿಂದ ಆಕೆಯ ನಂಟು ಹೆಚ್ಚು ಹತ್ತಿರದ್ದು. ಸಹೋದರರು ಪಾಲು ಮಾಡಿಕೊಳ್ಳುವಾಗ ಮನೆಯಲ್ಲಿ ಬಸಿರು ಸ್ಪಷ್ಟವಾಗಿ ಕಾಣುತ್ತಿದ್ದರೆ ಹೆರಿಗೆಯಾಗುವವರೆಗೆ ಕಾಯಬೇಕೆಂದೂ ಹೇಳುತ್ತಾನೆ. ಗರ್ಭದಲ್ಲಿರುವ ಕೂಸಿನ ವಾರಸಿಕೆಯ ಹಕ್ಕನ್ನು ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆ ತನ್ನ ೨೦ನೆಯ ಕಲಮಿನಲ್ಲಿ ಕಾಪಾಡಿರುವುದನ್ನು ಬಲ್ಲವರಿಗೆ ಈ ಮಾತು ಅಪರಿಚಿತವೆನಿಸದು.

ಇವೆಲ್ಲಕ್ಕಿಂತ ಮಿಗಿಲಾದುದು ವಿಧವೆಯ ವಿಷಯದಲ್ಲಿ ಅವನು ಹೂಡಿದ ವಾದ. ಗಂಡುಸಂತಾನವಿಲ್ಲದೆ ಸತ್ತವನ ವಿಧವೆಗೆ ಆಸ್ತಿ ಬೇಕಾದರೆ ಆಕೆ ನಿಯೋಗಕ್ಕೆ ಒಪ್ಪಬೇಕು, ಎಂದರೆ ಗಂಡನ ವಂಶಕ್ಕಾಗಿ ಇನ್ನೊಬ್ಬನಿಂದ ಮಗನನ್ನು ಪಡೆಯಲು ಸಿದ್ಧಳಾಗಿರಬೇಕು ಎಂಬ ಪಕ್ಷವೊಂದಿತ್ತು. ಧಾರೇಶ್ವರನ ಹೆಸರಿನಲ್ಲಿ ಆ ಮತವನ್ನು ಉದ್ಧರಿಸಿ ವಿಜ್ಞಾನೇಶ್ವರ ಅದನ್ನು ಸಾಲುಸಾಲಾಗಿ ಖಂಡಿಸುತ್ತಾನೆ. ಧಾರೇಶ್ವರನೆಂದರೆ ಧಾರಾನಗರದ ಭೋಜರಾಜನೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ವಿಭಕ್ತನಾಗಿ ಸತ್ತವನ ಸಾಧ್ವಿಯಾದ ಪತ್ನಿ ಪತ್ನಿಯಾದ ಕಾರಣಕ್ಕೇ ಆಸ್ತಿಗೆ ಒಡತಿ. ಹೆರುವ ಷರತ್ತು ಆಕೆಗೆ ಇಲ್ಲ ಎಂಬುದು ಅವನ ತೀರ್ಮಾನ. ಅವಿಭಕ್ತ ಕುಟುಂಬದ ವಿಧವೆಗೆ ಈ ಲಾಭವನ್ನು ಅವನು ಕೊಡಲಿಲ್ಲ, ಶೀಲದ ಷರತ್ತನ್ನೂ ಬಿಡಲಿಲ್ಲ ಎಂಬುದನ್ನು ಮರೆಮಾಚಬೇಕಾಗಿಲ್ಲ. ಆದರೂ ಹೆಣ್ಣಿನ ಹೊಟ್ಟೆಯನ್ನು ಆಸ್ತಿಯ ಬೆಲೆಯಾಗಿ ಕೇಳಬಾರದು ಎಂದು ಹನ್ನೆರಡನೆಯ ಶತಮಾನದ ಹೊಸ್ತಿಲಲ್ಲಿ ಒಬ್ಬ ಶಾಸ್ತ್ರಕಾರ ತರ್ಕದಿಂದ ಸ್ಥಾಪಿಸಿದನೆಂಬುದು ನಿಜ.

ಈ ಗ್ರಂಥದ ಮುಂದಿನ ಕಥೆ ವಿಚಿತ್ರವಾದುದು. ೧೮೧೦ರಲ್ಲಿ ಕಲ್ಕತ್ತೆಯಲ್ಲಿ ಎಚ್. ಟಿ. ಕೋಲ್‌ಬ್ರೂಕ್ ಮಿತಾಕ್ಷರೆಯನ್ನು ಇಂಗ್ಲಿಷಿಗೆ ತಂದ. ಆದರೆ ಇಡಿಯಾಗಿ ಅಲ್ಲ, ದಾಯವಿಭಾಗದ ಪ್ರಕರಣವನ್ನಷ್ಟೇ. ಇಂಗ್ಲಿಷ್ ನ್ಯಾಯಾಧೀಶರ ಕೈಗೆ ಆಸ್ತಿಯ ಅಧ್ಯಾಯ ಸಿಕ್ಕಿತು, ಪಿಂಡವೆಂದರೆ ಶರೀರವೆಂದು ಹೇಳುವ ಆಚಾರಾಧ್ಯಾಯ ಸಿಗಲಿಲ್ಲ. ಆ ಕೊರತೆಯನ್ನು ತುಂಬಿದವರು ೧೮೬೦ರ ದಶಕದಲ್ಲಿ ಬೊಂಬಾಯಿಯಲ್ಲಿ ಹಿಂದೂ ಕಾನೂನಿನ ಸಂಗ್ರಹವನ್ನು ಸಿದ್ಧಪಡಿಸಿದ ವೆಸ್ಟ್ ಮತ್ತು ಬ್ಯೂಲರ್. ೧೮೮೦ರಲ್ಲಿ ಲಲ್ಲೂಭಾಯಿ ಬಾಪುಭಾಯಿಯ ಮೊಕದ್ದಮೆ ಲಂಡನ್ನಿನ ಪ್ರಿವಿ ಕೌನ್ಸಿಲಿನ ಮುಂದೆ ಬಂದಾಗ ಆ ನ್ಯಾಯಪೀಠ ಕಲ್ಯಾಣದ ಈ ವ್ಯಾಖ್ಯೆಯನ್ನೇ ಒಪ್ಪಿಕೊಂಡು, ಗಂಡನ ಗೋತ್ರದ ಸಪಿಂಡನ ಆಸ್ತಿಗೆ ವಿಧವೆಯೂ ವಾರಸುದಾರಳಾಗಬಲ್ಲಳೆಂಬ ಬೊಂಬಾಯಿಯ ತೀರ್ಪನ್ನು ಎತ್ತಿಹಿಡಿಯಿತು. ಇನ್ನೊಂದು ಕಡೆ ಅದೇ ನ್ಯಾಯಪೀಠ ಅವನ ಔದಾರ್ಯವನ್ನು ಮೊಟಕು ಮಾಡಿತು. ವಾರಸಿಕೆಯಿಂದ, ಕ್ರಯದಿಂದ, ಪಾಲಿನಿಂದ ಹೆಣ್ಣಿಗೆ ಬಂದ ಆಸ್ತಿಯೆಲ್ಲವೂ ಸ್ತ್ರೀಧನವೇ ಎಂದು ವಿಜ್ಞಾನೇಶ್ವರ ಬರೆದಿದ್ದ. ಗಂಡನಿಂದ ವಾರಸಿಕೆಯಾಗಿ ಬಂದದ್ದು ಸ್ತ್ರೀಧನವಲ್ಲ ಎಂದು ಪ್ರಿವಿ ಕೌನ್ಸಿಲ್ ೧೮೬೭ರಲ್ಲಿ ನಿರ್ಣಯಿಸಿತು. ಆಂಗ್ಲ ನ್ಯಾಯ ನಮ್ಮ ಹೆಣ್ಣುಮಕ್ಕಳಿಗೆ ಸದಾ ಬೆಳಕನ್ನೇ ತಂದಿತೆಂದು ನಂಬುವವರು ಈ ತೀರ್ಪನ್ನು ನೆನಪಿನಲ್ಲಿ ಇಡಬೇಕು.

ಹಾಗೆಂದು ಹಳೆಯದನ್ನು ತಲೆಯ ಮೇಲೆ ಹೊತ್ತು ಮೆರೆಯಿಸುವುದೂ ತರವಲ್ಲ. ಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ, ಯತಿಧರ್ಮದ ನಡುವೆ, ಗರ್ಭದ ಬೆಳವಣಿಗೆಯನ್ನು ತಿಂಗಳು ತಿಂಗಳಾಗಿ ವರ್ಣಿಸುವ ಭಾಗವೊಂದಿದೆ. ಮೊದಲ ತಿಂಗಳಲ್ಲಿ ದ್ರವ, ಎರಡನೆಯದರಲ್ಲಿ ಗಂಟು, ಮೂರನೆಯದರಲ್ಲಿ ಅಂಗಗಳೂ ಇಂದ್ರಿಯಗಳೂ. ಹೀಗೆ ಸಾಗಿ ಏಳನೆಯ ತಿಂಗಳಿನಲ್ಲಿ ಮನಸ್ಸು. ಮೈಯಲ್ಲಿ ಮುನ್ನೂರ ಅರವತ್ತು ಮೂಳೆಗಳೆಂದೂ ಅಲ್ಲಿ ಎಣಿಕೆಯಿದೆ. ಬಸುರಿಯ ಬಯಕೆಯನ್ನು ಸಲ್ಲಿಸದಿದ್ದರೆ ಗರ್ಭಕ್ಕೆ ಕೇಡು, ಆದ್ದರಿಂದ ಆಕೆಗೆ ಪ್ರಿಯವಾದುದನ್ನು ಮಾಡಬೇಕು ಎಂಬ ವಿಧಿಯೂ ಅಲ್ಲಿಯದೇ. ನಮ್ಮ ಮನೆಗಳ ಬಯಕೆಯ ಊಟಕ್ಕೆ ಶಾಸ್ತ್ರದ ಬೆಂಬಲ ಬೇಕಿದ್ದರೆ ಇದೋ ಇಲ್ಲಿದೆ! ಆದರೆ ಗಮನಿಸಿ: ಬಯಕೆಯನ್ನು ಸಲ್ಲಿಸಬೇಕಾದದ್ದು ಕೂಸಿನ ಸಲುವಾಗಿ. ಬಸಿರು ಬೇಕೇ ಬೇಡವೇ ಎಂಬ ಬಯಕೆಯನ್ನು ಯಾರೂ ಕೇಳಲಿಲ್ಲ. ಪರರ ಗರ್ಭವನ್ನು ಬೀಳಿಸಿದವನಿಗೆ ಸ್ಮೃತಿ ಉತ್ತಮಸಾಹಸವೆಂಬ ದಂಡವನ್ನು, ಅಂದರೆ ೧೦೮೦ ಪಣಗಳನ್ನು, ವಿಧಿಸುತ್ತದೆ. ಗರ್ಭವನ್ನು ತಾನೇ ಕಳೆದುಕೊಂಡ ಹೆಣ್ಣನ್ನೋ ಪತಿತೆಯರ ಸಾಲಿಗೆ ಸೇರಿಸುತ್ತದೆ. ಒಂದು ದಯೆ ಮಾತ್ರ ಉಳಿದಿದೆ: ಪತಿತೆಯಾದರೂ ಆಕೆಯನ್ನು ಬೀದಿಗೆ ನೂಕಬಾರದು, ಮನೆಯ ಹತ್ತಿರವೇ ಇರಲು ತಾವು, ಅನ್ನ, ಬಟ್ಟೆ, ರಕ್ಷಣೆ ಕೊಡಬೇಕು. ಇದು ಕರುಣೆಯೇ ಹೊರತು ಹಕ್ಕಲ್ಲ.

ವಿಜ್ಞಾನವು ತಪ್ಪಿದಾಗ ಅದರ ಮೇಲೆ ನಿಂತ ನ್ಯಾಯವೂ ತಪ್ಪುತ್ತದೆ ಎಂಬುದಕ್ಕೂ ಇಲ್ಲಿ ನಿದರ್ಶನವುಂಟು. ಗಂಡಿನ ಅಂಶ ಹೆಚ್ಚಾದರೆ ಗಂಡು, ಹೆಣ್ಣಿನ ಅಂಶ ಹೆಚ್ಚಾದರೆ ಹೆಣ್ಣು ಎಂಬುದು ಆ ಕಾಲದ ನಂಬಿಕೆ. ಅದನ್ನೇ ಹಿಡಿದು, ತಂದೆಯ ಅಂಶ ಹೆಚ್ಚಾಗಿರುವ ಗಂಡುಮಕ್ಕಳಿಗೆ ತಂದೆಯ ಆಸ್ತಿ, ತಾಯಿಯ ಅಂಶ ಹೆಚ್ಚಾಗಿರುವ ಹೆಣ್ಣುಮಕ್ಕಳಿಗೆ ತಾಯಿಯ ಸ್ತ್ರೀಧನ ಎಂದು ವಿಜ್ಞಾನೇಶ್ವರ ಕಾರಣ ಕೊಟ್ಟ. ತರ್ಕದಲ್ಲಿ ಬಿರುಕಿಲ್ಲ, ತಳಪಾಯವೇ ಇಲ್ಲ. ಮಗುವಿನ ಲಿಂಗವನ್ನು ನಿರ್ಧರಿಸುವುದು ತಂದೆಯಿಂದ ಬರುವ ವರ್ಣತಂತು. ಮಗನಲ್ಲಿಯೂ ಮಗಳಲ್ಲಿಯೂ ತಾಯಿತಂದೆಗಳ ಪಾಲು ಸರಿಸುಮಾರು ಅರ್ಧರ್ಧ. ಅವನ ಸೂತ್ರವನ್ನೇ ಇಂದಿನ ತಿಳಿವಳಿಕೆಗೆ ಅನ್ವಯಿಸಿದರೆ ಮಗಳಿಗೂ ತಂದೆಯ ಆಸ್ತಿಯಲ್ಲಿ ಮಗನಷ್ಟೇ ಪಾಲು ಬರಬೇಕು. ಬಂದದ್ದೂ ಹಾಗೆಯೇ: ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕು ಎಂಬ ಮಿತಾಕ್ಷರೆಯ ತತ್ತ್ವವನ್ನು ಕರ್ನಾಟಕ ೧೯೯೪ರಲ್ಲಿ ಹೆಣ್ಣುಮಕ್ಕಳಿಗೂ ಚಾಚಿತು, ೨೦೦೫ರಲ್ಲಿ ಇಡೀ ದೇಶ ಚಾಚಿತು, ೨೦೨೦ರಲ್ಲಿ ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಸಂಶಯಕ್ಕೆಡೆಯಿಲ್ಲದಂತೆ ಸ್ಥಿರಪಡಿಸಿತು.

ಸಪಿಂಡತೆಗೆ ಇನ್ನೊಂದು ಫಲವಿತ್ತು, ಅದು ಮೈಲಿಗೆ. ಒಂದು ಮನೆಯಲ್ಲಿ ಹೆರಿಗೆಯಾದರೆ ಸಪಿಂಡರಿಗೆ ಸೂತಕ; ಹೆತ್ತವಳಿಗಂತೂ ಹೇಳಬೇಕಾದುದೇ ಇಲ್ಲ. ಯಾವ ಮೈಯನ್ನು ಬಂಧುತ್ವದ ಮೂಲವೆಂದು ಶಾಸ್ತ್ರ ಗೌರವಿಸಿತೋ ಅದೇ ಮೈಯನ್ನು ಹೆರಿಗೆಯ ದಿನ ದೂರ ಕೂರಿಸಿತು. ಈ ವಿರೋಧಾಭಾಸವನ್ನು ಕಂಡವರು ಅದೇ ಕಲ್ಯಾಣದಲ್ಲಿ, ವಿಜ್ಞಾನೇಶ್ವರನ ತರುವಾಯ ಸುಮಾರು ಅರ್ಧ ಶತಮಾನದಲ್ಲಿಯೇ, ಬಿಜ್ಜಳನ ಆಳಿಕೆಯ ಕಾಲಕ್ಕೆ ಸೇರಿಬಂದ ಶರಣರು. ಜನನಸೂತಕ, ರಜಸ್ಸೂತಕ, ಪ್ರೇತಸೂತಕ, ಉಚ್ಛಿಷ್ಟಸೂತಕ, ಜಾತಿಸೂತಕ ಎಂಬ ಐದನ್ನೂ ಬಸವಣ್ಣನವರೂ ಅವರ ಸಂಗಡಿಗರೂ ತಳ್ಳಿಹಾಕಿದರು. ಮುಟ್ಟು ಹೆರಿಗೆಗಳನ್ನು ಜಾತಿಯ ಮೈಲಿಗೆಯೊಡನೆ ಒಂದೇ ಪಟ್ಟಿಯಲ್ಲಿಟ್ಟು ಒಂದೇ ಏಟಿಗೆ ಕಡಿದದ್ದರಲ್ಲಿ ಆಳವಾದ ಒಳನೋಟವಿದೆ. ಹೆಣ್ಣಿನ ಮೈಯನ್ನು ಕಾಯುವ ಕಟ್ಟಳೆಯೂ ಜಾತಿಯನ್ನು ಕಾಯುವ ಕಟ್ಟಳೆಯೂ ಒಂದೇ ಬೇಲಿಯ ಎರಡು ಮಗ್ಗುಲು. ಆ ಬೇಲಿಯನ್ನು ದಾಟಿ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಆದ ಮದುವೆಗೆ ಕಲ್ಯಾಣ ಎಂಥ ಬೆಲೆ ತೆತ್ತಿತು ಎಂಬುದನ್ನು ಕನ್ನಡಿಗರಿಗೆ ಹೇಳಿಕೊಡಬೇಕಾಗಿಲ್ಲ.

ಶಾಸ್ತ್ರ ಹೇಳಿದ್ದೊಂದು, ಜನ ನಡೆದದ್ದೊಂದು ಎಂಬ ಮಾತೂ ಇಲ್ಲಿ ಬರಬೇಕು. ತಾಯಿಯ ಕಡೆ ಐದು ತಲೆಯೊಳಗೆ ಮದುವೆ ಕೂಡದೆಂದು ವಿಜ್ಞಾನೇಶ್ವರ ಬರೆದ ಸೀಮೆಯಲ್ಲಿಯೇ ಸೋದರಮಾವನಿಗೆ ಅಕ್ಕನ ಮಗಳನ್ನು, ಸೋದರತ್ತೆಯ ಮಗನಿಗೆ ಮಾವನ ಮಗಳನ್ನು ತರುವುದು ಮನೆಮನೆಯ ರೂಢಿ. ಇವುಗಳಲ್ಲಿ ಮಾವನ ಮಗಳನ್ನು ತರುವುದನ್ನು ಬೋಧಾಯನನು ದಾಕ್ಷಿಣಾತ್ಯರ ವಿಶೇಷ ಆಚಾರಗಳಲ್ಲಿ ಎಣಿಸಿದ್ದಾನೆ. ವಿಜಯನಗರ ಕಾಲದ ಮಾಧವನು ‘ಪರಾಶರಮಾಧವೀಯ’ದಲ್ಲಿ ಸೋದರಮಾವನ ಮಗಳ ಮದುವೆಯನ್ನು ಸಮರ್ಥಿಸಿದ್ದಾನೆ. ೧೯೫೫ರ ಹಿಂದೂ ವಿವಾಹ ಕಾಯಿದೆ ಸಪಿಂಡತೆಯ ಎಲ್ಲೆಯನ್ನು, ತನ್ನನ್ನೂ ಸೇರಿಸಿ ಎಣಿಸಿ, ತಾಯಿಯ ಕಡೆ ಮೂರು ತಲೆಗೂ ತಂದೆಯ ಕಡೆ ಐದು ತಲೆಗೂ ಇಳಿಸಿ, ರೂಢಿಯಿದ್ದಲ್ಲಿ ಅದಕ್ಕೂ ವಿನಾಯಿತಿ ಕೊಟ್ಟಿತು. ವೈದ್ಯಶಾಸ್ತ್ರದ ಲೆಕ್ಕ ಬೇರೆಯೇ ಇದೆ. ಮಾವ ಸೊಸೆಯರಲ್ಲಿ ಅನುವಂಶಿಕ ಅಂಶದ ಕಾಲುಪಾಲು ಸಮಾನ. ಅತ್ತೆಮಾವಂದಿರ ಮಕ್ಕಳಲ್ಲಿ ಎಂಟನೆಯ ಒಂದು ಪಾಲು. ತಾಯಿತಂದೆಗಳಿಬ್ಬರಲ್ಲಿಯೂ ಅಡಗಿರುವ ಒಂದೇ ದೋಷ ಮಗುವಿನಲ್ಲಿ ಕೂಡಿಬಂದು ರೋಗವಾಗುವ ಸಂಭವ ಇಂಥ ಸಂಬಂಧಗಳಲ್ಲಿ ಹೆಚ್ಚುತ್ತದೆ. ಆಸ್ತಿ ಹೊರಗೆ ಹೋಗಬಾರದು, ಮಗಳು ದೂರವಾಗಬಾರದು ಎಂಬ ಆಸೆಗೆ ಕೂಸು ಬೆಲೆ ತೆರುವಂತಾಗಬಾರದಷ್ಟೆ. ಒಂದೇ ಮೈಯ ಅಂಶಗಳ ಲೆಕ್ಕ ಹಾಕಿ ನೋಡಿರೆಂದು ಕಲ್ಯಾಣದ ಸನ್ಯಾಸಿ ಹೇಳಿದ ಮಾತನ್ನು ಈ ಒಂದು ವಿಷಯದಲ್ಲಿಯಾದರೂ ನಮ್ಮವರು ಕೇಳಿದ್ದರೆ ಚೆನ್ನಾಗಿತ್ತು.

ಅವನು ಕೇಳದೆ ಬಿಟ್ಟ ಪ್ರಶ್ನೆ, ಹೆಣ್ಣಿನ ಸ್ವಂತ ಇಚ್ಛೆ ಏನು ಎಂಬುದು, ಕಾನೂನಿನ ಬಾಗಿಲಿಗೆ ಬಂದು ನಿಂತದ್ದು ತೀರ ಈಚೆಗೆ. ೧೯೩೦ರಲ್ಲಿ ಮೈಸೂರು ಸಂಸ್ಥಾನ ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿತು. ಸರ್ಕಾರವೇ ನಡೆಸಿದ ಇಂಥ ಚಿಕಿತ್ಸಾಲಯಗಳಲ್ಲಿ ಜಗತ್ತಿನಲ್ಲಿಯೇ ಅವು ಮೊದಲನೆಯವೆಂಬ ಕೀರ್ತಿಯಿದೆ. ಆಗ ಕಲ್ಯಾಣ, ಹುಮನಾಬಾದುಗಳು ನಿಜಾಮನ ರಾಜ್ಯಕ್ಕೆ ಸೇರಿದ್ದವು. ೧೯೫೬ರಲ್ಲಿ ಮಾತ್ರ ಮೈಸೂರು ರಾಜ್ಯದ ಮಡಿಲಿಗೆ ಬಂದವು. ಶಾಂತಿಲಾಲ್ ಷಾ ಸಮಿತಿಯ ವರದಿಯ ತರುವಾಯ ೧೯೭೧ರಲ್ಲಿ ವೈದ್ಯಕೀಯ ಗರ್ಭಸಮಾಪ್ತಿ ಕಾಯಿದೆ ಬಂದಿತು. ಪ್ರಾಪ್ತವಯಸ್ಕಳಾದ, ಬುದ್ಧಿ ಸ್ವಸ್ಥವಾಗಿರುವ ಹೆಂಗಸಿನ ವಿಷಯದಲ್ಲಿ ಆಕೆಯ ಒಪ್ಪಿಗೆಯೇ ಸಾಕು, ಗಂಡನ ಒಪ್ಪಿಗೆ ಬೇಕಿಲ್ಲ ಎಂಬುದು ಆ ಕಾಯಿದೆಯ ಸಾರ. ಪತಿತೆಯೆನ್ನುವ ಶಬ್ದ ಅಲ್ಲಿಗೆ ಕಾನೂನಿನ ಕೋಶದಿಂದ ಅಳಿಯಿತು. ೨೦೦೯ರಲ್ಲಿ ಸುಚಿತಾ ಶ್ರೀವಾಸ್ತವ ಮೊಕದ್ದಮೆಯಲ್ಲಿ, ಸಂತಾನದ ವಿಷಯದಲ್ಲಿ ತೀರ್ಮಾನಿಸುವ ಹಕ್ಕು ಸಂವಿಧಾನದ ೨೧ನೆಯ ಅನುಚ್ಛೇದದ ವೈಯಕ್ತಿಕ ಸ್ವಾತಂತ್ರ್ಯದ ಒಂದು ಅಂಗವೆಂದು ಸರ್ವೋಚ್ಚ ನ್ಯಾಯಾಲಯ ಸಾರಿತು. ೨೦೨೧ರ ತಿದ್ದುಪಡಿ ಕೆಲವು ವರ್ಗದ ಹೆಂಗಸರಿಗೆ ಇಪ್ಪತ್ತು ವಾರಗಳ ಎಲ್ಲೆಯನ್ನು ಇಪ್ಪತ್ತನಾಲ್ಕಕ್ಕೆ ಏರಿಸಿತು. ಅವಿವಾಹಿತೆಯೆಂಬ ಕಾರಣಕ್ಕೆ ಈ ಅವಕಾಶವನ್ನು ತಪ್ಪಿಸಲಾಗದೆಂದು ೨೦೨೨ರಲ್ಲಿ ತೀರ್ಪಾಯಿತು. ಇದಿಷ್ಟೂ ಆದ ಮೇಲೂ ಅದು ವೈದ್ಯರ ಅಭಿಪ್ರಾಯಕ್ಕೆ ಅಧೀನವಾದ ಅನುಮತಿಯೇ ಹೊರತು ಪೂರ್ಣವಾದ ಹಕ್ಕಲ್ಲ ಎಂದು ಈ ವಿಷಯದ ವಿದ್ವಾಂಸರು ವಾದಿಸುತ್ತಾರೆ. ಆ ವಾದ ನಡೆಯುತ್ತಲೇ ಇದೆ.

ಇನ್ನೊಂದು ಕಡೆ ಪಿಂಡವೆಂದರೆ ಶರೀರವೆಂಬ ಮಾತೇ ಅಲುಗಾಡಿದೆ. ಒಬ್ಬಳ ಅಂಡ, ಇನ್ನೊಬ್ಬನ ವೀರ್ಯ, ಮೂರನೆಯವಳ ಗರ್ಭ ಇವು ಕೂಡಿ ಮಗು ಹುಟ್ಟುವ ಕಾಲವಿದು. ೨೦೨೧ರಲ್ಲಿ ಬಂದ ನೆರವಿನ ಸಂತಾನೋತ್ಪತ್ತಿಯ ಕಾಯಿದೆ, ಬಾಡಿಗೆ ತಾಯ್ತನದ ಕಾಯಿದೆ ಎಂಬ ಎರಡರ ಪ್ರಕಾರ ಇಂಥ ಮಗು ಅದನ್ನು ಬಯಸಿದ ದಂಪತಿಗಳ ಮಗುವೇ. ದಾನಿಗೆ ಅದರ ಮೇಲೆ ತಾಯಿತಂದೆಯ ಹಕ್ಕಿಲ್ಲ. ಮೈಯ ಅಂಶವನ್ನೇ ಹಿಡಿದ ವಿಜ್ಞಾನೇಶ್ವರ ಇದಕ್ಕೆ ಏನೆನ್ನುತ್ತಿದ್ದ? ಅಂಶವಿಲ್ಲದ ದತ್ತುಪುತ್ರನನ್ನು ಅವನ ಶಾಸ್ತ್ರವೂ ಮಗನೆಂದೇ ಕರೆದಿತ್ತು. ಆದ್ದರಿಂದ ಆತ ಬೆಚ್ಚಿಬೀಳುತ್ತಿರಲಿಲ್ಲವೆಂದು ತೋರುತ್ತದೆ. ಮೊದಲು ಮೈ ಏನು ಹೇಳುತ್ತದೆಂದು ಕೇಳಿ, ಅನಂತರ ಗೆರೆ ಎಲ್ಲಿ ಎಳೆಯಬೇಕೆಂದು ಪೂರ್ವಪಕ್ಷ ಸಿದ್ಧಾಂತಗಳನ್ನು ಹೂಡಿ ವಾದಕ್ಕೆ ಕುಳಿತುಕೊಳ್ಳುತ್ತಿದ್ದ. ಒಂಬತ್ತು ತಿಂಗಳು ಹೊತ್ತವಳ ಸಂಬಂಧ ಯಾವುದೆಂಬ ಪ್ರಶ್ನೆಯನ್ನು, ತಾಯಿಯ ನಂಟು ತಂದೆಯದಕ್ಕಿಂತ ಹತ್ತಿರವೆಂದು ಬರೆದವನು, ಸುಲಭವಾಗಿ ಬಿಟ್ಟುಕೊಡುತ್ತಿರಲಿಲ್ಲ.

ನಮ್ಮ ಕಾನೂನು ಕಾಲೇಜುಗಳಲ್ಲಿ ಮಿತಾಕ್ಷರೆಯ ಹೆಸರು ಅವಿಭಕ್ತ ಕುಟುಂಬದ ಆಸ್ತಿಯ ಪಾಠದಲ್ಲಿ ಬಂದು ಅಲ್ಲಿಯೇ ಮುಗಿಯುತ್ತದೆ. ವೈದ್ಯಕೀಯ ಕಾಲೇಜುಗಳಲ್ಲಿ ಅದರ ಹೆಸರೇ ಇಲ್ಲ. ಬೀದರ, ಕಲಬುರಗಿಗಳ ವಿದ್ಯಾರ್ಥಿಗಳಾದರೂ ಆ ಗ್ರಂಥದ ಆಚಾರ, ಪ್ರಾಯಶ್ಚಿತ್ತ ಭಾಗಗಳನ್ನು ಅದರ ತಪ್ಪುಗಳ ಸಮೇತ ಓದಬೇಕು. ತಪ್ಪುಗಳ ಸಮೇತ ಎಂದೆ. ಏಕೆಂದರೆ ಬಲ್ಲವನೊಬ್ಬ ಎಲ್ಲಿ ಎಡವಿದನೆಂದು ತಿಳಿಯುವುದು ಅವನ ಜಯಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಹೆಚ್ಚಿನ ಶಿಕ್ಷಣ. ಪಕ್ಕದಲ್ಲಿಯೇ ಶರಣರ ವಚನಗಳೂ ಇರಲಿ. ಒಂದೇ ಊರು ನೂರು ವರ್ಷಗಳೊಳಗೆ ಕೊಟ್ಟ ಎರಡು ಉತ್ತರಗಳು ಅವು: ಮೈಗೆ ಲೆಕ್ಕವಿದೆ ಎಂಬುದೊಂದು, ಮೈಗೆ ಮೈಲಿಗೆಯಿಲ್ಲ ಎಂಬುದೊಂದು. ಮೂರನೆಯ ಉತ್ತರವನ್ನು, ಮೈಯೊಳಗಿನವಳಿಗೆ ಮಾತಿದೆ ಎಂಬುದನ್ನು, ನಮ್ಮ ಕಾಲ ಸೇರಿಸಬೇಕಾಗಿದೆ. ಕಾಯಿದೆಯ ಪುಸ್ತಕದಲ್ಲಿ ಅದು ಅಷ್ಟಿಷ್ಟು ಸೇರಿದೆ. ಮನೆಗಳಲ್ಲಿ ಇನ್ನೂ ಪೂರ್ತಿಯಾಗಿ ಸೇರಿಲ್ಲ.

ಮುಂದೊಮ್ಮೆ ಹುಮನಾಬಾದಿನ ದಾರಿಯಲ್ಲಿ ಹೋಗುವವರು ಜಲಸಂಗಿಗೆ ತಿರುಗಿ ಆ ತರುಣಿಯನ್ನು ನೋಡಿ ಬರಲಿ. ಬರೆಯಲು ಬಲ್ಲವಳೆಂದು ಶಿಲ್ಪಿ ಅವಳನ್ನು ಗೌರವಿಸಿದ್ದಾನೆ. ಬರೆಯಲು ಕೊಟ್ಟದ್ದು ಮಾತ್ರ ಅರಸನ ಬಿರುದುಗಳನ್ನು. ತನ್ನ ವಿಷಯವಾಗಿ ಬರೆಯಬೇಕಾದುದನ್ನು ಅವಳಿಗೆ ಯಾರೂ ಕೇಳಲಿಲ್ಲ.